ಕಡಲಿಗೆ 'ಒನ್ ಮೋರ್' ಇಲ್ಲ!

ಬಂಡೆಯ ತುದಿ. ಕೆಳಗೆ ಭೋರ್ಗರೆಯುವ ಕಡಲು. ಹಿಂದಿನಿಂದ ಅಟ್ಟಿಸಿಕೊಂಡು ಬರುವ ಖಳನಾಯಕನ ಪಟಾಲಂ. ನಮ್ಮ ಹೀರೋ ಒಮ್ಮೆ ಹಿಂತಿರುಗಿ ನೋಡುತ್ತಾನೆ. ತುಟಿಯಂಚಿನಲ್ಲಿ ಒಂದು ನಗು... ಧುಮುಕೇಬಿಟ್ಟ! ಗಾಂಧಿ ಕ್ಲಾಸಿನಿಂದ ಬಾಲ್ಕನಿಯವರೆಗೆ ಶಿಳ್ಳೆಯೋ ಶಿಳ್ಳೆ!

ಇಂಥ ಸೀನು ನೀವೂ ನೋಡಿದ್ದೀರಿ, ನಾನೂ ನೋಡಿದ್ದೇನೆ. ಎಷ್ಟು ಸಲ ಅಂತ ಲೆಕ್ಕ ಇಟ್ಟವರಾರು? ಆದರೆ ಅಂಥ ಬಂಡೆಯ ಮೇಲೆ ನೀವು ನಿಜವಾಗಿ ನಿಂತಿದ್ದೀರಾ? ನಾನು ನಿಂತಿದ್ದೆ. ಕಾಪುವಿನಲ್ಲಿ. ಧುಮುಕಿದವನು ಮಾತ್ರ ನಾನಲ್ಲ. "ಧುಮುಕೋ!" ಅಂತ ಕೂಗಿದವನು ನಾನು. ಆ ಕಥೆಯೇ ಇದು.

ನಾವು ಮೂವರು. ಒಬ್ಬನನ್ನು ನಾವೆಲ್ಲ ಕರೆಯೋದೇ ಹೀರೋ ಅಂತ. ಕೂದಲು ಹಿಂದಕ್ಕೆ ತಳ್ಳುವ ಗತ್ತು, ನಡೆಯುವಾಗ ಭುಜ ಆಡಿಸುವ ಠೀವಿ, ಎಲ್ಲ ತೆರೆಯಿಂದ ಎತ್ತಿಕೊಂಡದ್ದೇ. ಇನ್ನೊಬ್ಬ ಲೆಕ್ಕಿಗ. ಚಹಾದ ಎಂಟಾಣೆಗೂ ಚೀಟಿ ಬರೆಯುವ ಆಸಾಮಿ. ಎಂಟಾಣೆ ದಿನಬಳಕೆಯಿಂದ ಹೋಗಿದ್ದರೂ ಅವನ ಬುದ್ಧಿಯಿಂದ ಹೋಗಿಲ್ಲ ನೋಡಿ! ಮೂರನೆಯವನು ನಾನು, ಡೈರೆಕ್ಟರ್. ಡೈರೆಕ್ಟರ್ ಅಂದರೆ ಕೈಯಲ್ಲೊಂದು ಮೊಬೈಲು, ಬಾಯಲ್ಲಿ "ಆಕ್ಷನ್", "ಕಟ್". ಅಷ್ಟೇ ನನ್ನ ಕಂಪನಿ.

ಎರಡು ವರ್ಷದ ಹಿಂದೆ, ಡಿಸೆಂಬರಿನ ಒಂದು ರಾತ್ರಿ ಮೆಜೆಸ್ಟಿಕ್‌ನಲ್ಲಿ ಬಸ್ಸು ಹತ್ತಿದೆವು. ಬಾಡಿಗೆಗೆ ತಂದ ಟೆಂಟು, ಈಜುವಾಗ ಕಣ್ಣಿಗೆ ಹಾಕುವ ಕನ್ನಡಕ ಮೂರು, ಚಕ್ಕುಲಿ ಒಂದು ಡಬ್ಬಿ. ಉದ್ದೇಶ ಒಂದೇ: ಕಡಲ ದಂಡೆಯಲ್ಲಿ ಟೆಂಟು ಹಾಕೋದು, ಬಂಡೆಯಿಂದ ಧುಮುಕೋದು, ಅದನ್ನು ಚಿತ್ರೀಕರಿಸೋದು.

ಕಾರ್ಕಳದ ಕಲ್ಲು

ಬೆಳಕು ಹರಿಯುವ ಹೊತ್ತಿಗೆ ಕಾರ್ಕಳ. ಇಳಿದವರೇ ಗೊಮ್ಮಟ ಬೆಟ್ಟದ ಕಡೆ ಹೆಜ್ಜೆ ಹಾಕಿದೆವು. ಇಡೀ ಬೆಟ್ಟವೇ ಒಂದು ಬೋಳು ಬಂಡೆ. ಅದರ ನೆತ್ತಿಯ ಮೇಲೆ 42 ಅಡಿಯ ಬಾಹುಬಲಿ. 1432ರಲ್ಲಿ ಭೈರರಸರ ಮನೆತನದ ವೀರಪಾಂಡ್ಯ ನಿಲ್ಲಿಸಿದ್ದು. ಹನ್ನೆರಡು ವರ್ಷಕ್ಕೊಮ್ಮೆ ಮಹಾಮಸ್ತಕಾಭಿಷೇಕ.

ಅಲ್ಲೊಬ್ಬ ಹಿರಿಯರು ಕೂತಿದ್ದರು. "ಈ ಮೂರ್ತಿ ಇಲ್ಲೇ ಕೆತ್ತಿದ್ದಲ್ಲ ಮಕ್ಕಳೇ. ಬೇರೆ ಕಡೆ ಕೆತ್ತಿ, ಗಾಲಿಗಳ ಗಾಡಿಯಲ್ಲಿ ಮಲಗಿಸಿ, ಎಳೆದು ಮೇಲೆ ತಂದದ್ದಂತೆ" ಅಂದರು. ಹೀರೋ ಬಾಯಿ ಬಿಟ್ಟ. "ಕ್ರೇನಿಲ್ಲದೆ?" "ಕ್ರೇನ್ ಎಲ್ಲಿಂದ ಬರಬೇಕು? ಜನ ಎಳೆದದ್ದು. ಒಂದೊಂದು ಗೇಣು ಎಳೆಯುವುದು, ಕಲ್ಲು ಕೊಟ್ಟು ನಿಲ್ಲಿಸುವುದು, ಸುಧಾರಿಸುವುದು, ಮತ್ತೆ ಎಳೆಯುವುದು. ಅವಸರ ಮಾಡಿದರೆ ಮೂರ್ತಿಯೂ ಇಲ್ಲ, ಎಳೆದವನೂ ಇಲ್ಲ."

ಆಗ ನಕ್ಕು ಮುಂದೆ ಹೋದೆವು. ಆ ಮಾತು ನನಗೆ ಅರ್ಥವಾದದ್ದು ಎರಡು ದಿನ ಬಿಟ್ಟು.

ಕಲ್ಲಿನ ಕೆಲಸ ಕಾರ್ಕಳದ ರಕ್ತದಲ್ಲೇ ಇದೆ. ಧರ್ಮಸ್ಥಳದಲ್ಲಿ 1982ರಲ್ಲಿ ಪ್ರತಿಷ್ಠೆಯಾದ 39 ಅಡಿಯ ಬಾಹುಬಲಿಯನ್ನು ಕಡೆದವರು ರೆಂಜಾಳ ಗೋಪಾಲಕೃಷ್ಣ ಶೆಣೈ. ಕಡೆದದ್ದು ಇದೇ ಕಾರ್ಕಳದಲ್ಲಿ! ಗೊಮ್ಮಟ ಬೆಟ್ಟದ ಎದುರಿಗೇ 1586ರ ಚತುರ್ಮುಖ ಬಸದಿ. ನಾಲ್ಕು ದಿಕ್ಕಿಗೆ ನಾಲ್ಕು ಬಾಗಿಲು, ಯಾವುದರಿಂದ ನೋಡಿದರೂ ಒಂದೇ ನೋಟ. "ಡಬಲ್ ಆ್ಯಕ್ಟಿಂಗ್ ಅಲ್ಲ ಗುರು, ಇದು ನಾಲ್ಕು ಪಾತ್ರ!" ಅಂದ ಲೆಕ್ಕಿಗ. ಅವನು ಜೋಕು ಹೇಳೋದು ವರ್ಷಕ್ಕೊಮ್ಮೆ. ನಗಲೇಬೇಕಾಯಿತು.

ಮಣಿಪಾಲದಿಂದ ಕಂಡ ಬೆಳ್ಳಿಗೆರೆ

ಕಾರ್ಕಳದಿಂದ ಉಡುಪಿಗೆ ಹೋಗುವ ಬಸ್ಸು ಹಿರಿಯಡ್ಕ, ಪರ್ಕಳ ದಾಟಿ ಮಣಿಪಾಲದ ಮೇಲೆಯೇ ಹೋಗುತ್ತದೆ. ಈ ಭಾಗದ ಬಸ್ಸಿನ ಸವಾರಿ ನೀವು ಮಾಡಿಯೇ ತಿಳಿಯಬೇಕು. ಕಂಡಕ್ಟರ್ ಒಂದೇ ಉಸಿರಿಗೆ ಹತ್ತು ಊರು ಕೂಗುತ್ತಾನೆ. ಡ್ರೈವರ್ ತಿರುವಿನಲ್ಲಿ ಬಸ್ಸು ಬಾಗಿಸುವಾಗ ನಮ್ಮ ಫೈಟ್ ಮಾಸ್ಟರ್‌ಗಳೂ ಕಣ್ಣು ಮುಚ್ಚಬೇಕು!

ಮಣಿಪಾಲ ಒಂದು ಕಾಲಕ್ಕೆ ಬೋಳು ಮುರಕಲ್ಲಿನ ಗುಡ್ಡವಂತೆ. ಅಲ್ಲಿ ಡಾ. ಟಿ.ಎಂ.ಎ. ಪೈ ಅವರು 1953ರಲ್ಲಿ ಕಸ್ತೂರಬಾ ಮೆಡಿಕಲ್ ಕಾಲೇಜು ಕಟ್ಟಿದರು. ಈಗ ಎಲ್ಲಿ ನೋಡಿದರಲ್ಲಿ ಕಾಲೇಜು, ಹಾಸ್ಟೆಲು, ಬೈಕು, ಕಾಫಿ ಅಂಗಡಿ. ಊರಿನ ಕೊನೆಗೆ ಎಂಡ್ ಪಾಯಿಂಟ್ ಅಂತ ಒಂದು ಜಾಗ. ಗುಡ್ಡ ಅಲ್ಲಿಗೆ ಮುಗಿದು, ಕೆಳಗೆ ಸ್ವರ್ಣಾ ನದಿ ಹಸಿರಿನ ನಡುವೆ ಹಾವಿನಂತೆ ಹೊರಳಿಕೊಂಡು ಪಡುವಣಕ್ಕೆ ಹೋಗುತ್ತದೆ. ಆ ಕಡೆ ದೂರದಲ್ಲಿ, ಬಾನು ಮುಗಿಯುವಲ್ಲಿ ಒಂದು ಬೆಳ್ಳಿಗೆರೆ.

"ಅದೇನು?" ಅಂದೆ.

"ಅದೇ ಕಡಲು" ಅಂದ ಅಲ್ಲಿ ಕೂತಿದ್ದ ಒಬ್ಬ ವಿದ್ಯಾರ್ಥಿ.

ಅಷ್ಟೇನಾ! ಎಷ್ಟು ಸಾಧು, ಎಷ್ಟು ತೆಳ್ಳಗೆ. ದೂರದಿಂದ ಕಂಡ ಸ್ಟಾರ್ ಹಾಗೆ. ಹತ್ತಿರ ಹೋದರೆ ತಾನೇ ಅದರ ಸ್ವಭಾವ ಗೊತ್ತಾಗೋದು?

ಉಡುಪಿಯಲ್ಲಿ ಮಸಾಲೆದೋಸೆ ತಿನ್ನದೆ ಬಂದರೆ ಪಾಪ ಸುತ್ತಿಕೊಳ್ಳುತ್ತದೆ. ತಲಾ ಎರಡೆರಡು ತಿಂದು, ಕನಕನ ಕಿಂಡಿಯ ಮುಂದೆ ನಿಂತು ಕೃಷ್ಣನಿಗೆ ಕೈಮುಗಿದೆವು. ಈ ಕೃಷ್ಣ ಬಂದದ್ದೂ ಕಡಲಿನಿಂದಲೇ ಅನ್ನೋದು ನಿಮಗೆ ಗೊತ್ತೇ? ಮಲ್ಪೆಯ ಹತ್ತಿರ ಒಂದು ಹಡಗು ಬಿರುಗಾಳಿಗೆ ಸಿಕ್ಕಿತಂತೆ. ದಡದಲ್ಲಿದ್ದ ಮಧ್ವಾಚಾರ್ಯರು ತಮ್ಮ ಮೇಲುವಸ್ತ್ರ ಬೀಸಿ ಅದಕ್ಕೆ ದಾರಿ ತೋರಿಸಿದರಂತೆ. ಬದುಕಿ ಬಂದ ನಾವಿಕ ಕೊಟ್ಟ ಗೋಪಿಚಂದನದ ಹೆಂಟೆಯೊಳಗೆ ಈ ಮೂರ್ತಿ ಇತ್ತೆಂದು ಐತಿಹ್ಯ. ನೋಡಿ, ಈ ಕರಾವಳಿಯಲ್ಲಿ ದೇವರ ಕಥೆಯೂ ಶುರುವಾಗೋದು ಒಬ್ಬ ಮುಳುಗುವವನಿಂದ, ದಡದಲ್ಲಿ ನಿಂತ ಇನ್ನೊಬ್ಬನಿಂದ.

ದಡದಲ್ಲಿ ನಿಂತವನು ಏನು ಮಾಡುತ್ತಾನೆ ಅನ್ನೋದೇ ಮುಖ್ಯ. ಇದನ್ನು ನೆನಪಿಟ್ಟುಕೊಳ್ಳಿ.

ದೀಪಸ್ತಂಭದ ಕೆಳಗೆ

ಉಡುಪಿಯಿಂದ ಮಂಗಳೂರು ದಾರಿಯಲ್ಲಿ ಹದಿಮೂರು ಕಿ.ಮೀ. ಹೋದರೆ ಕಾಪು. ಮೂರು ಮಾರಿಗುಡಿಗಳ ಊರು. ಸುಗ್ಗಿ ಮಾರಿಪೂಜೆಗೆ ಇಲ್ಲಿ ಸೇರುವ ಜನ ನೋಡಬೇಕು ಅಂತಾರೆ. ಹೆದ್ದಾರಿಯಲ್ಲಿ ಇಳಿದು ತೆಂಗಿನ ತೋಟಗಳ ನಡುವೆ ಪಡುವಣಕ್ಕೆ ನಡೆದರೆ ಮೊದಲು ಕಿವಿಗೆ ಸದ್ದು, ಆಮೇಲೆ ಮೂಗಿಗೆ ಉಪ್ಪು, ಕೊನೆಗೆ ಕಣ್ಣಿಗೆ... ಅಬ್ಬಬ್ಬಾ!

ಮರಳಿನ ದಂಡೆಯ ಅಂಚಿಗೆ ಕಪ್ಪು ಬಂಡೆಗಳ ರಾಶಿ. ನಡುವೆ ಎಲ್ಲಕ್ಕಿಂತ ದೊಡ್ಡ ಬಂಡೆಯ ಮೇಲೆ ದೀಪಸ್ತಂಭ. 1901ರಲ್ಲಿ ಕಟ್ಟಿದ್ದು. 27 ಮೀಟರ್ ಎತ್ತರ. ನೂರಿಪ್ಪತ್ತು ವರ್ಷಕ್ಕೂ ಮೇಲೆ ಗಾಳಿ, ಮಳೆ, ತೆರೆ ಎಲ್ಲಾ ತಿಂದು ನೆಟ್ಟಗೆ ನಿಂತಿದೆ. ಸಂಜೆ ಹೊತ್ತು ಒಳಗೆ ಬಿಡುತ್ತಾರೆ. ಸುತ್ತು ಮೆಟ್ಟಿಲು ಹತ್ತಿ ಮೇಲೆ ಹೋದರೆ ಒಂದು ಕಡೆ ಮುಗಿಯದ ತೆಂಗಿನ ತಲೆಗಳು, ಇನ್ನೊಂದು ಕಡೆ ಮುಗಿಯದ ನೀರು. ಕೆಳಗೆ ಬಂಡೆಗೆ ತೆರೆ ಬಡಿದಾಗ ಹಾಲು ಉಕ್ಕಿದ ಹಾಗೆ ನೊರೆ ಮೇಲೇರುತ್ತದೆ.

"ಲೊಕೇಶನ್ ಅಂದ್ರೆ ಇದು!" ಅಂದೆ ನಾನು. ಹೀರೋ ಆಗಲೇ ಬಂಡೆಗಳನ್ನು ಎಣಿಸುತ್ತಿದ್ದ, ಯಾವುದರಿಂದ ಧುಮುಕೋಣ ಅಂತ.

ಈ ಕರಾವಳಿಗೂ ತೆರೆಗೂ ನಂಟು ಹಳೆಯದು. 1975ರಲ್ಲಿ ಬಿ.ವಿ. ಕಾರಂತರು ಶಿವರಾಮ ಕಾರಂತರ 'ಚೋಮನ ದುಡಿ'ಯನ್ನು ತೆರೆಗೆ ತಂದು ಸ್ವರ್ಣಕಮಲ ಗೆದ್ದರು. 2014ರಲ್ಲಿ ರಕ್ಷಿತ್ ಶೆಟ್ಟರ 'ಉಳಿದವರು ಕಂಡಂತೆ' ಮಲ್ಪೆಯ ಬಂದರನ್ನು ಹುಡುಗರ ಹುಚ್ಚಾಗಿಸಿತು. 2022ರಲ್ಲಿ ರಿಷಬ್ ಶೆಟ್ಟರ 'ಕಾಂತಾರ' ಬಂದ ಮೇಲಂತೂ ಕೇಳೋದೇ ಬೇಡ. ನಮ್ಮ ಹೀರೋ ರಿಚ್ಚಿಯ ನಡಿಗೆ ನಡೆದುಕೊಂಡೇ ಕಾಪುವಿಗೆ ಬಂದವನು.

ಸೂರ್ಯ ಕಡಲಿಗಿಳಿದ ಮೇಲೆ ಮರಳಿನ ಮೇಲೆ ಟೆಂಟು ಬಿಚ್ಚತೊಡಗಿದೆವು. ಆಗ ಬಂದರು ಅವರು. ಐವತ್ತು ದಾಟಿದ ವಯಸ್ಸು, ಒಣಗಿದ ತೇಗದಂಥ ಮೈ, ಹೆಗಲ ಮೇಲೊಂದು ಗಾಳಿ ತುಂಬಿದ ಲಾರಿ ಟ್ಯೂಬು, ಕೈಯಲ್ಲೊಂದು ಬಲೆಯ ಚೀಲ.

"ಎಂತ ಮಾರಾಯ್ರೆ ಇದು? ಇಲ್ಲಿ ಮಲಗುದಾ? ರಾತ್ರಿ ನೀರು ಏರ್ತದೆ, ನಿಮ್ಮ ಗುಡಾರ ಗೋವೆಗೆ ಹೋಗ್ತದೆ" ಅಂದರು. ಲೆಕ್ಕಿಗ ಗಾಬರಿಯಾಗಿ ಟೆಂಟಿನ ಅಡ್ವಾನ್ಸ್ ಹಣ ನೆನೆದ. "ಬನ್ನಿ, ನಮ್ಮ ತೋಟದಲ್ಲಿ ಹಾಕಿ. ದುಡ್ಡು ಬೇಡ. ಬೆಂಕಿ ಹಾಕಬೇಡಿ, ಬಾಟ್ಲಿ ತೆಗೆಯಬೇಡಿ. ಅಷ್ಟೇ."

ಹೆಸರು ಬರೆಯೋದಿಲ್ಲ. ಬರೆದರೆ ಅವರಿಗೆ ಸಿಟ್ಟು ಬಂದೀತು. ಅಣ್ಣ ಅಂತಲೇ ಕರೆದೆವು, ಇಲ್ಲೂ ಅಣ್ಣ ಅಂತಲೇ ಇರಲಿ.

ಅವರ ಕೆಲಸ ಏನು ಗೊತ್ತೇ? ಪಚ್ಚಿಲೆ ತೆಗೆಯೋದು. ಕಡಲೊಳಗಿನ ಬಂಡೆಗೆ ಕಚ್ಚಿಕೊಂಡು ಬೆಳೆಯುವ ಹಸಿರು ಚಿಪ್ಪಿನ ಜೀವಿ ಈ ಪಚ್ಚಿಲೆ. ಮಳೆಗಾಲ ಕಳೆದು ನೀರು ತಿಳಿಯಾದ ಮೇಲೆ ಇಲ್ಲಿನವರು ಟ್ಯೂಬು ಹಿಡಿದು ಈಜಿ ಹೋಗಿ, ಉಸಿರು ಕಟ್ಟಿ ಮುಳುಗಿ, ಕಬ್ಬಿಣದ ಉಳಿಯಿಂದ ಅದನ್ನು ಎಬ್ಬಿಸಿ, ಬಲೆಚೀಲಕ್ಕೆ ತುಂಬಿ ಮೇಲೆ ಬರುತ್ತಾರೆ. ಸಿಲಿಂಡರ್ ಇಲ್ಲ, ರಬ್ಬರ್ ಸೂಟಿಲ್ಲ. ನಾವು ಶೋಕಿಗೆ ಬಂದ ಡೈವಿಂಗು ಅವರಿಗೆ ದಿನದ ಅನ್ನ!

ಆ ರಾತ್ರಿ ಅವರ ಮನೆಯಲ್ಲಿ ಕುಚ್ಚಲಕ್ಕಿ ಗಂಜಿ, ಬಂಗುಡೆ ಪುಳಿಮುಂಚಿ, ಪಚ್ಚಿಲೆ ಸುಕ್ಕ. ಕಣ್ಣಲ್ಲಿ ನೀರು, ಮೂಗಲ್ಲಿ ನೀರು, ಆದರೂ ಕೈ ನಿಲ್ಲಲಿಲ್ಲ. ತಿನ್ನುತ್ತಾ ಹೀರೋ ತನ್ನ ಉದ್ದೇಶ ಹೇಳಿದ. ಅಣ್ಣ ಉಣ್ಣುವುದನ್ನು ನಿಲ್ಲಿಸಿದರು.

"ದೀಪದ ಬಂಡೆಯ ಹಿಂದೆ, ಕಡಲ ಬದಿಗೆ ಹೋಗಬೇಡಿ. ನೀರು ತೋರುವ ಹಾಗೆ ಇಲ್ಲ ಅಲ್ಲಿ. ಈಜಬೇಕಾದರೆ ನಾಳೆ ಮಧ್ಯಾಹ್ನ ನೀರು ಇಳೀತದೆ. ನಾನೇ ಕರ್ಕೊಂಡು ಹೋಗ್ತೇನೆ."

"ಹೂಂ ಅಣ್ಣ" ಅಂದೆವು ಮೂವರೂ.

ಟೆಂಟಿನಲ್ಲಿ ಮಲಗಿದರೆ ದೀಪಸ್ತಂಭದ ಬೆಳಕು ತೆಂಗಿನ ಗರಿಗಳನ್ನು ಸವರಿಕೊಂಡು ಹೋಗುತ್ತಿತ್ತು. ಬೆಳಕು... ಕತ್ತಲೆ... ಮತ್ತೆ ಬೆಳಕು. ಪ್ರೊಜೆಕ್ಟರ್ ರೂಮಿನ ಕೆಳಗೆ ಮಲಗಿದ ಹಾಗೆ. "ಮಧ್ಯಾಹ್ನದ ಬಿಸಿಲಲ್ಲಿ ಏನು ಶೂಟಿಂಗು? ಬೆಳಗಿನ ಲೈಟೇ ಬೇಕು" ಅಂದೆ. ಅಂದವನು ನಾನೇ.

ಟೇಕ್ ಒನ್, ಟೇಕ್ ಟೂ

ಬೆಳಿಗ್ಗೆ ಏಳೂವರೆ. ಅಣ್ಣ ಬಲೆ ಒಣಗಿಸುವ ಕೆಲಸದಲ್ಲಿದ್ದರು. ನಾವು ಚಹಾ ಕುಡಿದು ಬರ್ತೇವೆ ಅಂತ ಸುಳ್ಳು ಹೇಳಿ ಬಂಡೆಯ ಹಿಂದಕ್ಕೆ ಹೋದೆವು. ನೀರಿನಿಂದ ಹನ್ನೆರಡು ಹದಿನೈದು ಅಡಿ ಎತ್ತರದ ಒಂದು ಚಾಚು. ಹೀರೋ ಅಂಗಿ ತೆಗೆದ. ಅವನು ಈಜು ಕಲಿತದ್ದು ಊರ ಬಾವಿಯಲ್ಲಿ. ಚೆನ್ನಾಗಿಯೇ ಈಜುತ್ತಾನೆ. ಬಾವಿಯ ನೀರು ನಿಂತಲ್ಲೇ ನಿಂತಿರುತ್ತದೆ ಅನ್ನೋದು ಮಾತ್ರ ಆಗ ನಮಗೆ ಹೊಳೆಯಲಿಲ್ಲ.

"ಕ್ಯಾಮರಾ... ಆಕ್ಷನ್!"

ಧುಮುಕಿದ! ಸೊಗಸಾದ ಡೈವ್. ಎರಡೇ ಕ್ಷಣ, ತಲೆ ಮೇಲೆ ಬಂತು. ತೆರೆಯೊಂದು ಅವನನ್ನು ಎತ್ತಿ ಬಂಡೆಯ ಮಗ್ಗುಲಿಗೇ ತಂದು ಬಿಟ್ಟಿತು. ಹತ್ತಿ ಬಂದ, ಹಲ್ಲು ಬಿಡುತ್ತಾ. ಲೆಕ್ಕಿಗ ಚಪ್ಪಾಳೆ ತಟ್ಟಿದ. ನಾನು ಮೊಬೈಲು ನೋಡಿದೆ. ಗುಂಡಿ ಒತ್ತೇ ಇರಲಿಲ್ಲ! ಒಂದೇ ಒಂದು ಫ್ರೇಮೂ ಇಲ್ಲ.

ಆಗ ನಾನು ಹೇಳಬಹುದಿತ್ತು: ಪರವಾಗಿಲ್ಲ, ಕಣ್ಣಾರೆ ನೋಡಿದೆವಲ್ಲ, ಸಾಕು. ಹೇಳಿದ್ದು ಬೇರೆ.

"ಒನ್ ಮೋರ್!"

ಹೀರೋ ಒಂದು ಕ್ಷಣ ಕೆಳಗೆ ನೋಡಿದ. ಮುಖದಲ್ಲಿ ಏನೋ ಒಂದು ಅನುಮಾನ ಸುಳಿಯಿತು. ಅದನ್ನು ನಾನು ಕಂಡೆ. ಕಂಡೂ ಕೂಗಿದೆ, "ಏನ್ ಹೀರೋ, ಡೂಪ್ ಬೇಕಾ?"

ಆ ಮಾತಿಗೆ ಅವನು ಧುಮುಕಿದ.

ಅದೇ ಹೊತ್ತಿಗೆ ಕಡಲು ಉಸಿರೆಳೆದುಕೊಂಡ ಹಾಗೆ ನೀರು ಹಿಂದಕ್ಕೆ ಸರಿಯಿತು. ಕೆಳಗೆ, ಆಗ ತನಕ ಕಾಣದಿದ್ದ ಒಂದು ಬಂಡೆಯ ಬೆನ್ನು ಕಪ್ಪಗೆ ಮೇಲೆ ಬಂತು. ಅದರ ಪಕ್ಕಕ್ಕೇ ಬಿದ್ದ ಅವನು. ಮೇಲೇಳುವಷ್ಟರಲ್ಲಿ ದೊಡ್ಡ ತೆರೆ ಬಂದು ಬಂಡೆಗೆ ಒರೆಸಿತು. ಮತ್ತೆ ಎಳೆದುಕೊಂಡು ಹೋಯಿತು. ಕೈ ಕಂಡಿತು. ತಲೆ ಕಂಡಿತು. ಆಮೇಲೆ ಬರೀ ನೊರೆ.

ಲೆಕ್ಕಿಗ "ಅಣ್ಣಾ!" ಅಂತ ಕೂಗುತ್ತಾ ಓಡಿದ. ನಾನೇನು ಮಾಡಿದೆ? ನಾಚಿಕೆ ಬಿಟ್ಟು ಬರೆಯುತ್ತೇನೆ. ನನಗೆ ಈಜು ಬರೋದಿಲ್ಲ. ನಾನು ನಿಂತೇ ಇದ್ದೆ. ಕೈಯಲ್ಲಿ ಮೊಬೈಲು ಓಡುತ್ತಲೇ ಇತ್ತು.

ಅಣ್ಣ ಬಂದದ್ದು ನನಗೆ ಕಂಡದ್ದು ಟ್ಯೂಬು ನೀರಿಗೆ ಬಿದ್ದಾಗಲೇ. ಅವರು ನಮ್ಮ ಚಾಚಿನಿಂದ ಧುಮುಕಲಿಲ್ಲ. ಪಕ್ಕದ ಮರಳಿನಿಂದ ಇಳಿದು, ತೆರೆ ಹಿಂದಕ್ಕೆ ಹೋಗುವಾಗ ಅದರ ಜೊತೆಯೇ ಹೋಗಿ, ಹೊರಗಿನಿಂದ ಸುತ್ತಿ ಬಂದರು. ಹೀರೋನ ಕೂದಲು ಹಿಡಿದು ಟ್ಯೂಬಿನ ಮೇಲೆ ಎಳೆದುಕೊಂಡರು. ಆಮೇಲೆ ದಡಕ್ಕೆ ಬರಲೇ ಇಲ್ಲ! ದಡಕ್ಕೆ ಬೆನ್ನು ಹಾಕಿ, ಅಡ್ಡಕ್ಕೆ ಅಡ್ಡಕ್ಕೆ ಕಾಲು ಬಡಿಯುತ್ತಾ ತೆಂಕು ದಿಕ್ಕಿಗೆ ಹೋದರು. "ಎಲ್ಲಿಗೆ ಹೋಗ್ತಿದ್ದಾರೆ ಇವರು?" ಅಂತ ಲೆಕ್ಕಿಗ ಅತ್ತೇಬಿಟ್ಟ. ತುಂಬ ದೂರದಲ್ಲಿ, ತೆರೆ ಸಾಧುವಾಗಿ ಒಡೆಯುವ ಒಂದು ಕಡೆ, ಇಬ್ಬರೂ ಮರಳಿಗೆ ಬಂದು ಬಿದ್ದರು.

ಹೀರೋ ಉಸಿರಾಡುತ್ತಿದ್ದ. ಉಪ್ಪುನೀರು ಕಾರಿದ. ಅಂಗೈ, ತೊಡೆ, ಬೆನ್ನು ಎಲ್ಲ ಕಡೆ ಗೀರಿದ ಗಾಯ. ಬಂಡೆಗೆ ಅಂಟಿದ ಚಿಪ್ಪುಗಳು ಬ್ಲೇಡಿನ ಹಾಗೆ ಕೊಯ್ದಿದ್ದವು. ಆಸ್ಪತ್ರೆಯಲ್ಲಿ ಏಳು ಹೊಲಿಗೆ. ಲೆಕ್ಕಿಗ ಅವತ್ತಿನ ಖರ್ಚಿಗೆ ಚೀಟಿ ಬರೆಯಲಿಲ್ಲ.

ಅಣ್ಣ ಕಲಿಸಿದ ಪಾಠ

ಅವತ್ತು ಅಣ್ಣ ನಮಗೆ ಒಂದು ಬೈಗುಳವನ್ನೂ ಬಯ್ಯಲಿಲ್ಲ. ಅದೇ ನನ್ನನ್ನು ಕೊಂದದ್ದು. ಸಂಜೆ ಜಗಲಿಯಲ್ಲಿ ಕೂತು ನಾನೇ ಕೇಳಿದೆ, "ಮೊದಲ ಸಲ ಏನೂ ಆಗಲಿಲ್ಲವಲ್ಲ ಅಣ್ಣ?"

"ಮೊದಲ ಸಲ ತೆರೆ ಬಂದಿತ್ತು, ಅಡಿಯಲ್ಲಿ ನೀರಿತ್ತು. ಎರಡನೇ ಸಲ ತೆರೆ ಹೋಗಿತ್ತು, ಅಡಿಯಲ್ಲಿ ಕಲ್ಲಿತ್ತು. ಜಾಗ ಒಂದೇ, ಕಡಲು ಬೇರೆ" ಅಂದರು.

ಆಮೇಲೆ ಒಂದೊಂದೇ ಹೇಳಿದರು. ತೆರೆಗಳು ಗುಂಪು ಗುಂಪಾಗಿ ಬರುತ್ತವೆ. ನಾಲ್ಕಾರು ಸಣ್ಣವು ಬಂದು ನಂಬಿಸುತ್ತವೆ, ಹಿಂದೆ ದೊಡ್ಡಣ್ಣ ಇರುತ್ತಾನೆ. ನೀರಿಗಿಳಿಯುವ ಮೊದಲು ಕಾಲು ಗಂಟೆ ಸುಮ್ಮನೆ ಕೂತು ನೋಡಬೇಕು. ದಿನಕ್ಕೆ ಎರಡು ಸಲ ಏರಿತ, ಎರಡು ಸಲ ಇಳಿತ. ಅದೂ ದಿನಾ ಒಂದೇ ಗಂಟೆಗಲ್ಲ, ದಿನಕ್ಕೆ ಸುಮಾರು ಐವತ್ತು ನಿಮಿಷ ಹಿಂದೆ ಬೀಳುತ್ತದೆ. ಹಾಗಾಗಿ ನಿನ್ನೆ ಸರಿ ಇದ್ದ ಗಂಟೆ ಇವತ್ತು ಸರಿ ಅಲ್ಲ.

"ಸೆಳೆತ ಹಿಡಿದರೆ?" ಅಂದ ಲೆಕ್ಕಿಗ.

"ದಡಕ್ಕೆ ಮುಖ ಮಾಡಿ ಈಜಿದವ ಸೋಲ್ತಾನೆ. ಹೊರಗೆ ಹೋಗುವ ನೀರು ನಿಮಗಿಂತ ಗಟ್ಟಿ. ಅದರ ಸಂಗಡ ಜಗಳ ಬೇಡ. ಅಡ್ಡಕ್ಕೆ ಈಜಬೇಕು, ದಡದ ಸಮಕ್ಕೆ. ಸೆಳೆತಕ್ಕೆ ಅಗಲ ಕಡಿಮೆ, ದಾಟಿದರೆ ಬಿಟ್ಟುಬಿಡ್ತದೆ."

ಆಗ ತಿಳಿಯಿತು, ಬೆಳಿಗ್ಗೆ ಅವರು ದಡ ಬಿಟ್ಟು ತೆಂಕಿಗೆ ಯಾಕೆ ಹೋದರು ಅಂತ. ಕಾರ್ಕಳದ ಹಿರಿಯರು ಹೇಳಿದ ಮಾತೂ ಆಗಲೇ ನೆನಪಾದದ್ದು. ಒಂದು ಗೇಣು ಎಳೆಯುವುದು, ನಿಲ್ಲಿಸುವುದು, ಸುಧಾರಿಸುವುದು.

ಮರುದಿನ ಮಧ್ಯಾಹ್ನ, ನೀರು ಇಳಿದಾಗ, ಅಣ್ಣ ನನ್ನನ್ನು ಕರೆದರು. "ನೀನು ಬಾ."

"ನನಗೆ ಈಜು ಬರೋದಿಲ್ಲ ಅಣ್ಣ."

"ಅದಕ್ಕೇ ಬಾ ಅಂದದ್ದು."

ಬಂಡೆಗಳ ಒಳಮೈಯಲ್ಲಿ, ಕೊಳದಂತೆ ನೀರು ನಿಂತ ಕಡೆ. ಎದೆಮಟ್ಟದ ನೀರು. ಟ್ಯೂಬು ತಬ್ಬಿಕೊಂಡು, ಕನ್ನಡಕ ಹಾಕಿ ಮುಖ ಮುಳುಗಿಸಿದೆ. ಗೆಳೆಯರೇ, ಏನೆಂದು ಹೇಳಲಿ! ಮೇಲೆ ಅಷ್ಟು ಸದ್ದು, ಕೆಳಗೆ ಮೌನ. ಬಿಸಿಲು ನೀರಿನ ಮೂಲಕ ಬಲೆ ಬಲೆಯಾಗಿ ಮರಳ ಮೇಲೆ ಆಡುತ್ತಿದೆ. ಬೆರಳುದ್ದದ ಮೀನುಗಳ ಒಂದು ಹಿಂಡು ಒಟ್ಟಿಗೇ ತಿರುಗುತ್ತದೆ, ಡಾನ್ಸ್ ಮಾಸ್ಟರ್ ಹೇಳಿಕೊಟ್ಟ ಹಾಗೆ. ಬಂಡೆಯ ಬುಡದಲ್ಲಿ ಪಚ್ಚಿಲೆಯ ಗೊಂಚಲು, ಹಸಿರು ಗಾಜಿನಂತೆ. ಅಣ್ಣ ನನ್ನ ಪಕ್ಕದಲ್ಲೇ ಮುಳುಗಿ, ಉಳಿಯಿಂದ ಒಂದು ಎಬ್ಬಿಸಿ, ಸಣ್ಣ ಗಾತ್ರದ್ದನ್ನು ಹಾಗೇ ಬಿಟ್ಟು ಮೇಲೆ ಬಂದರು. "ಚಿಕ್ಕದು ತೆಗೆದರೆ ಬರುವ ವರ್ಷ ಎಂತ ತಿನ್ನುದು?" ಅಂದರು.

ಇನ್ನೂ ಆಳಕ್ಕೆ ಹೋದರೆ ಕಿವಿ ನೋಯುತ್ತದೆ. ಹತ್ತು ಮೀಟರ್ ಆಳಕ್ಕೆ ಮೇಲಿನ ಒತ್ತಡದ ಎರಡು ಪಟ್ಟಾಗುತ್ತದೆ. ಮೂಗು ಹಿಡಿದು ಮೆಲ್ಲಗೆ ಊದಿ ಕಿವಿ ಬಿಡಿಸಿಕೊಳ್ಳಬೇಕು. ಬಿಡಿಸದಿದ್ದರೆ ಕೆಳಗೆ ಹೋಗಲೇಬಾರದು. ಸಿಲಿಂಡರ್ ಕಟ್ಟಿ ನಿಜವಾದ ಸ್ಕೂಬಾ ಮಾಡುವ ಆಸೆ ಇದ್ದವರು ಉತ್ತರಕ್ಕೆ, ಮುರ್ಡೇಶ್ವರಕ್ಕೆ ಹೋಗಿ. ಅಲ್ಲಿಂದ ಸುಮಾರು 20 ಕಿ.ಮೀ. ಕಡಲೊಳಗೆ ನೇತ್ರಾಣಿ ದ್ವೀಪ. ತರಬೇತಿ ಕೊಟ್ಟು, ಜೊತೆಗೊಬ್ಬರನ್ನು ಕಳಿಸಿ ಮುಳುಗಿಸುತ್ತಾರೆ. ನಾವು ಮಾಡಬೇಕಾದದ್ದು ಅದನ್ನೇ.

ಹೀರೋ ದಡದಲ್ಲಿ ಬ್ಯಾಂಡೇಜು ಸುತ್ತಿಕೊಂಡು ಕೂತು ನನ್ನನ್ನೇ ನೋಡುತ್ತಿದ್ದ. ಮೇಲೆ ಬಂದಾಗ ಕೇಳಿದ, "ಹೇಗಿತ್ತು?" ಉತ್ತರ ಕೊಡೋಕೆ ಗಂಟಲು ಕಟ್ಟಿತು. "ಸಾರಿ ಕಣೋ" ಅಂದೆ. "ಯಾವುದಕ್ಕೆ?" ಅಂದ. "ಡೂಪ್ ಬೇಕಾ ಅಂದದ್ದಕ್ಕೆ." ಅವನು ಬಹಳ ಹೊತ್ತು ಕಡಲು ನೋಡಿದ. "ನಾನು ಬೇಕು ಅನ್ನಬೇಕಿತ್ತು" ಅಂದ.

ಮಲ್ಪೆಯ ಕೊನೆಯ ರೀಲು

ಕೊನೆಯ ದಿನ ಮಲ್ಪೆ. ಬಂದರಿನಿಂದ ದೋಣಿ ಹತ್ತಿದರೆ ಸುಮಾರು ಆರು ಕಿ.ಮೀ. ದೂರಕ್ಕೆ ಸೇಂಟ್ ಮೇರೀಸ್ ದ್ವೀಪಗಳು. 1498ರಲ್ಲಿ ವಾಸ್ಕೋ ಡ ಗಾಮಾ ಇಲ್ಲಿ ಇಳಿದು ಹೆಸರಿಟ್ಟನೆಂಬ ಮಾತಿದೆ. ದ್ವೀಪದ ಕಲ್ಲುಗಳನ್ನು ನೋಡಿದರೆ ಯಾರೋ ಆರ್ಟ್ ಡೈರೆಕ್ಟರ್ ಸೆಟ್ ಹಾಕಿದ ಹಾಗಿದೆ. ಐದು ಮೂಲೆ, ಆರು ಮೂಲೆಯ ಕಂಬಗಳು ಒಂದರ ಪಕ್ಕ ಒಂದು, ಅಚ್ಚಿನಲ್ಲಿ ತೆಗೆದಂತೆ. ಸುಮಾರು 8.8 ಕೋಟಿ ವರ್ಷದ ಹಿಂದೆ, ಮಡಗಾಸ್ಕರ್ ನಮ್ಮ ನೆಲದಿಂದ ಬೇರೆಯಾಗುವ ಕಾಲಕ್ಕೆ, ಉಕ್ಕಿದ ಲಾವಾ ತಣಿಯುತ್ತಾ ಕುಗ್ಗಿ ಹೀಗೆ ಸೀಳಿದ್ದಂತೆ. ರಾತ್ರಿ ತಂಗೋದಕ್ಕೆ ಬಿಡೋದಿಲ್ಲ, ಮಳೆಗಾಲದಲ್ಲಿ ದೋಣಿಯೇ ಇಲ್ಲ. ಬಂಡೆಯ ಅಂಚಿಗೆ ಹೋದರೆ ಕಾವಲಿನವರು ಸೀಟಿ ಊದುತ್ತಾರೆ. ಒಂದು ಗುಂಪಿನ ಹುಡುಗರು ಸೀಟಿಗೆ ಗೇಲಿ ಮಾಡಿದರು. ನಮ್ಮ ಹೀರೋ ಎದ್ದು ಹೋಗಿ, ಅಂಗೈಯ ಬ್ಯಾಂಡೇಜು ತೋರಿಸಿ ಏನೋ ಹೇಳಿದ. ಹುಡುಗರು ಹಿಂದೆ ಬಂದರು. ಅವನ ಜೀವನದ ಬೆಸ್ಟ್ ಡೈಲಾಗ್ ಅದೇ ಇರಬೇಕು. ನನಗೆ ಕೇಳಿಸಲಿಲ್ಲ.

ಬಂದರಿಗೆ ಮರಳಿದಾಗ ನೂರಾರು ದೋಣಿಗಳು ಒತ್ತಾಗಿ ನಿಂತಿದ್ದವು. ಬೀಳ್ಕೊಡಲು ಬಂದಿದ್ದ ಅಣ್ಣ ಅವನ್ನೇ ನೋಡುತ್ತಾ ಹೇಳಿದರು: 2018ರ ಡಿಸೆಂಬರಿನಲ್ಲಿ ಇದೇ ಮಲ್ಪೆಯಿಂದ ಹೊರಟ 'ಸುವರ್ಣ ತ್ರಿಭುಜ' ದೋಣಿ ಏಳು ಮಂದಿ ಮೀನುಗಾರರ ಸಹಿತ ಕಾಣೆಯಾಯಿತು. ತಿಂಗಳುಗಟ್ಟಲೆ ಹುಡುಕಿದರು. 2019ರ ಮೇ ತಿಂಗಳಲ್ಲಿ ನೌಕಾಪಡೆಯ 'ನಿರೀಕ್ಷಕ್' ಹಡಗು ಮಹಾರಾಷ್ಟ್ರದ ಮಾಲ್ವಣದ ಆಚೆ, ಕಡಲ ತಳದಲ್ಲಿ ಅದರ ಅವಶೇಷ ಪತ್ತೆ ಮಾಡಿತು. ಏಳು ಮಂದಿ ಮಾತ್ರ ಮನೆಗೆ ಬರಲಿಲ್ಲ.

"ಅವರೆಲ್ಲ ಕಡಲು ಗೊತ್ತಿದ್ದವರು. ನಾವು ಹೋಗುವುದು ಹೊಟ್ಟೆಗೆ. ಹೋಗದೆ ಆಗುದಿಲ್ಲ. ಜೂನ್, ಜುಲೈ ಎರಡು ತಿಂಗಳು ಯಂತ್ರದ ದೋಣಿಗಳಿಗೆ ಸರಕಾರವೇ ರಜೆ ಕೊಡ್ತದೆ, ಉಳಿದ ತಿಂಗಳು ಹೋಗಲೇಬೇಕು. ನಿಮಗೆ ಏನು ಇತ್ತು ಹೇಳಿ?" ಅಂದರು.

ನಮ್ಮ ಬಳಿ ಉತ್ತರ ಇರಲಿಲ್ಲ. ಈಗಲೂ ಇಲ್ಲ.

ಸಿನಿಮಾ ನೋಡಬೇಡಿ ಅಂತ ನಾನು ಹೇಳೋದಿಲ್ಲ. ನಾನೇ ವಾರಕ್ಕೆರಡು ನೋಡುತ್ತೇನೆ! ಆದರೆ ತೆರೆಯ ಮೇಲಿನ ಆ ಧುಮುಕುವಿಕೆ ಇದೆಯಲ್ಲ, ಅದು ಮೂರು ಶಾಟ್‌ಗಳ ಕೆಲಸ. ಬಂಡೆಯ ಮೇಲೆ ನಿಂತವನು ಒಬ್ಬ, ಧುಮುಕುವವನು ಇನ್ನೊಬ್ಬ, ನೀರಿನಿಂದ ಏಳುವ ಶಾಟು ಮತ್ತೆಲ್ಲೋ ಸೊಂಟಮಟ್ಟದ ನೀರಿನಲ್ಲಿ. ಆ ಧುಮುಕುವ ಸಾಹಸ ಕಲಾವಿದನೂ ಮೊದಲೇ ಆಳ ನೋಡಿರುತ್ತಾನೆ, ಪಕ್ಕದಲ್ಲಿ ದೋಣಿ ಕಾದಿರುತ್ತದೆ. ಎಡಿಟರ್ ಮೂರನ್ನೂ ಅಂಟಿಸಿದಾಗ ನಾವು ಶಿಳ್ಳೆ ಹೊಡೆಯುತ್ತೇವೆ. ಕಾಪುವಿನ ಬಂಡೆಯಲ್ಲಿ ಎಡಿಟರ್ ಇಲ್ಲ.

ಹೋಗಿ ಬನ್ನಿ. ಖಂಡಿತ ಹೋಗಿ. ನವೆಂಬರಿನಿಂದ ಫೆಬ್ರವರಿ ಒಳ್ಳೆಯ ಕಾಲ. ಕಾರ್ಕಳದಲ್ಲಿ ಗೊಮ್ಮಟನ ಕಾಲಬುಡದಲ್ಲಿ ಒಂದು ಗಳಿಗೆ ಕೂತುಕೊಳ್ಳಿ. ಎಂಡ್ ಪಾಯಿಂಟಿನಿಂದ ಬೆಳ್ಳಿಗೆರೆ ನೋಡಿ. ಕಾಪುವಿನಲ್ಲಿ ದೀಪ ಹತ್ತುವ ತನಕ ಕಾಯಿರಿ. ನೀರಿಗಿಳಿಯುವ ಮನಸ್ಸಾದರೆ ಅಲ್ಲಿನ ಮೀನುಗಾರರನ್ನು ಒಂದು ಮಾತು ಕೇಳಿ. ಕೇಳಿದ ಮೇಲೆ ಅವರು ಹೇಳಿದ್ದನ್ನು ಕೇಳಿ!

ನನ್ನ ಮೊಬೈಲಿನಲ್ಲಿ ಆ ಎರಡನೆಯ ಟೇಕು ಇನ್ನೂ ಇದೆ. ಹನ್ನೊಂದು ಸೆಕೆಂಡು. ಒಬ್ಬ ಹುಡುಗ ಬಂಡೆಯ ಮೇಲೆ ನಿಂತಿದ್ದಾನೆ. ಕೆಳಗೆ ನೋಡುತ್ತಾನೆ. ನನ್ನ ದನಿ ಕೇಳಿಸುತ್ತದೆ. ಅವನು ಹಾರುತ್ತಾನೆ. ಆಮೇಲೆ ಬರೀ ನೊರೆ. ಯಾರಿಗೂ ತೋರಿಸಿಲ್ಲ. ಅಳಿಸಿಯೂ ಇಲ್ಲ. "ಒನ್ ಮೋರ್" ಅನ್ನುವ ಮಾತು ಬಾಯಿಗೆ ಬಂದಾಗಲೆಲ್ಲ ಒಮ್ಮೆ ತೆಗೆದು ನೋಡುತ್ತೇನೆ.

ಕಳೆದ ಬೇಸಿಗೆಯಲ್ಲಿ ನಾನು ಈಜು ಕಲಿತೆ. ಕಲಿಸಿದವನು ನಮ್ಮ ಹೀರೋ. ಊರ ಬಾವಿಯಲ್ಲಿ, ಸೊಂಟಕ್ಕೆ ಹಗ್ಗ ಕಟ್ಟಿ!